ಉಣ್ಣದ ಮಗು, ಓದದ ಮಗು: ಮನೆಯಲ್ಲಿ ಮಾಡಬಹುದಾದ ಕೆಲಸಗಳು

ಉಡುಪಿಯ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು 1 ಮತ್ತು 2ನೇ ತರಗತಿಗೆ ಪಾಠ ಮಾಡುತ್ತಿದ್ದಾಗ, ಕೊಟ್ಟ ಕೆಲಸವನ್ನು ಒಮ್ಮೆಯೂ ಪೂರ್ತಿ ಮಾಡದ ಒಬ್ಬ ಹುಡುಗಿ ಇದ್ದಳು. ಬೆಳಿಗ್ಗೆ ಹೊಸ ಕಡ್ಡಿ ಕೊಟ್ಟರೆ ಮಧ್ಯಾಹ್ನದ ಊಟದ ಗಂಟೆ ಹೊಡೆಯುವಷ್ಟರಲ್ಲಿ ಅದು ಉಗುರಿನಷ್ಟಾಗಿರುತ್ತಿತ್ತು. ಸ್ಲೇಟಿನ ಮೇಲೆ ಮಾತ್ರ ನಾಲ್ಕು ಅಕ್ಷರಕ್ಕಿಂತ ಹೆಚ್ಚು ಇರುತ್ತಿರಲಿಲ್ಲ. ಅವಳಿಗೆ ಉದಾಸೀನವೆಂದು ತಿಳಿದು ನಾನು ಎರಡು ತಿಂಗಳು ಗದರಿದೆ. ಒಂದು ದಿನ ಪಕ್ಕದಲ್ಲೇ ಕೂತು ನೋಡಿದಾಗ ಅವಳ ತುಟಿಯ ಅಂಚಿನಲ್ಲಿ ಬೂದು ಬಣ್ಣದ ಪುಡಿ ಕಂಡಿತು. ಮಗು ಕಡ್ಡಿಯನ್ನು ತಿನ್ನುತ್ತಿತ್ತು. ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದರೆ ಒಳಭಾಗ ಕೆಂಪಗಿರುವ ಬದಲು ಬಿಳಿಚಿಕೊಂಡಿತ್ತು. ತಾಯಿಯನ್ನು ಕರೆಸಿ ಮಾತಾಡಿ, ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಬಹಳ ಕಡಿಮೆ ಇರುವುದು ತಿಳಿಯಿತು. ವೈದ್ಯರು ಬರೆದುಕೊಟ್ಟ ಕಬ್ಬಿಣಾಂಶದ ಔಷಧವನ್ನು ತಿಂಗಳುಗಟ್ಟಲೆ ತಪ್ಪಿಸದೆ ಕೊಟ್ಟ ಮೇಲೆ ಕಡ್ಡಿ ತಿನ್ನುವುದು ನಿಂತಿತು; ಹನ್ನೊಂದು ಗಂಟೆಯ ಹೊತ್ತಿಗೆ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುವುದೂ ನಿಂತಿತು.

ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುವ ಮಕ್ಕಳಲ್ಲಿ ರಕ್ತಹೀನತೆ ಇದೆಯೇ ಎಂದು ಮೊದಲು ನೋಡಬೇಕೆಂಬುದು ನನಗೆ ಅಂದು ತಿಳಿದಿರಲಿಲ್ಲ. ಅಂದಿನಿಂದ, ಮಗು ಉಣ್ಣುವುದಿಲ್ಲವೆಂದು ಬರುವವರನ್ನೂ ಓದುವುದಿಲ್ಲವೆಂದು ಬರುವವರನ್ನೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಮಗುವಿಗೆ ಮನಸ್ಸಿಲ್ಲ ಎನ್ನುವ ಮೊದಲು, ಅದಕ್ಕೆ ಆಗುತ್ತಿಲ್ಲವೇ ಎಂದು ನೋಡಿದಿರಾ? ಸುಮಾರು 2ರಿಂದ 10 ವರ್ಷದ ಮಕ್ಕಳಿರುವ ಮನೆಯಲ್ಲಿ ಅದನ್ನು ಹೇಗೆ ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಹಸಿವಿನ ಲೆಕ್ಕ

ನಮ್ಮ ಕಡೆ ದಾರಿಯಲ್ಲಿ ಎದುರಾದವರು ಮೊದಲು ಕೇಳುವುದೇ ಊಟ ಆಯಿತೇ ಎಂದು. ಇಂಥ ಊರಿನಲ್ಲಿ ಮಗು ಅರ್ಧ ಬಟ್ಟಲು ಬಿಟ್ಟೆದ್ದರೆ ಅದು ತಾಯಿಯ ಕೊರತೆಯೆಂದು ಅತ್ತೆಯಿಂದ ಹಿಡಿದು ನೆರೆಮನೆಯವರವರೆಗೆ ಎಲ್ಲರಿಗೂ ಅನ್ನಿಸಿಬಿಡುತ್ತದೆ. ಆದರೆ ಮಗುವಿನ ಬೆಳವಣಿಗೆಯ ಲೆಕ್ಕವೇ ಬೇರೆ. ಹುಟ್ಟುವಾಗ 3 ಕಿಲೋ ಇದ್ದ ಮಗು ಒಂದು ವರ್ಷಕ್ಕೆ ಸುಮಾರು 9 ಕಿಲೋ ಆಗುತ್ತದೆ. ಎರಡನೆಯ ವರ್ಷದಲ್ಲಿ ಹೆಚ್ಚುವುದು ಎರಡು, ಎರಡೂವರೆ ಕಿಲೋ ಮಾತ್ರ. ಆಮೇಲಿನ ಕೆಲವು ವರ್ಷ ವರ್ಷಕ್ಕೆ ಸುಮಾರು 2 ಕಿಲೋ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. ಒಂದೂವರೆ ವರ್ಷದ ಮಗು ಹಠಾತ್ತಾಗಿ ಊಟ ಬಿಟ್ಟಿತೆಂದು ಹೆದರುವ ಮನೆಗಳಲ್ಲಿ ಬಹಳಷ್ಟು ಸಲ ನಡೆದಿರುವುದು ಇಷ್ಟೇ. ಆದ್ದರಿಂದ ಬಟ್ಟಲನ್ನು ನೋಡುವ ಬದಲು ತೂಕದ ಗೆರೆಯನ್ನು ನೋಡಿ. ಅಂಗನವಾಡಿಯಲ್ಲಿ ತೂಕ, ಎತ್ತರ ನೋಡಿ ಬರೆಯುವ ಪಟ್ಟಿಯಲ್ಲಿ ಗೆರೆ ತನ್ನ ದಾರಿಯಲ್ಲಿ ಮೇಲೇರುತ್ತಿದ್ದರೆ, ಮಗು ತೆಳ್ಳಗೆ ಕಂಡರೂ ಅದಕ್ಕೆ ಬೇಕಾದಷ್ಟು ಸೇರುತ್ತಿದೆ.

ಇನ್ನೊಂದು ಕೆಲಸ, ಮೂರು ದಿನ ಮಗುವಿನ ಬಾಯಿಗೆ ಹೋದದ್ದನ್ನೆಲ್ಲ ಹೊತ್ತಿನ ಸಮೇತ ಒಂದು ಹಾಳೆಯಲ್ಲಿ ಬರೆಯಿರಿ. ಏನೂ ತಿನ್ನುವುದಿಲ್ಲ ಎಂದು ಅತ್ತ ಒಬ್ಬ ತಾಯಿಯಿಂದ ನಾನು ಹೀಗೆ ಬರೆಯಿಸಿದಾಗ, ಏಳು ಗಂಟೆಗೆ ಪುಡಿ ಬೆರೆಸಿದ ಒಂದು ದೊಡ್ಡ ಲೋಟ ಹಾಲು, ಒಂಬತ್ತಕ್ಕೆ ನಾಲ್ಕು ಬಿಸ್ಕತ್ತು, ಹನ್ನೊಂದಕ್ಕೆ ಅಜ್ಜ ಅಂಗಡಿಯಿಂದ ತಂದ ಚಿಪ್ಸ್, ಹನ್ನೆರಡಕ್ಕೆ ಮತ್ತೆ ಹಾಲು ಎಂದಿತ್ತು. ಒಂದು ಗಂಟೆಗೆ ಆ ಮಗುವಿನ ಹೊಟ್ಟೆಯಲ್ಲಿ ಅನ್ನಕ್ಕೆ ಜಾಗವಾದರೂ ಎಲ್ಲಿರಬೇಕು? ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್‌ಗಿಂತ ಹೆಚ್ಚು ಹಾಲು ಬೇಡ. ಹೆಚ್ಚಾದರೆ ಹಸಿವು ಸಾಯುತ್ತದೆ, ಹಾಲಿನಲ್ಲಿ ಕಬ್ಬಿಣಾಂಶ ತೀರ ಕಡಿಮೆ ಇರುವುದರಿಂದ ರಕ್ತವೂ ಕುಂದುತ್ತದೆ. ಊಟ, ತಿಂಡಿ ಸೇರಿ ದಿನಕ್ಕೆ ಐದು ಹೊತ್ತು ಗೊತ್ತು ಮಾಡಿ, ನಡುವೆ ಎರಡೂವರೆ ಮೂರು ಗಂಟೆ ಬಿಟ್ಟು, ಆ ಅಂತರದಲ್ಲಿ ನೀರನ್ನಷ್ಟೇ ಕೊಡಿ. ಇದೊಂದನ್ನೇ ಎರಡು ವಾರ ಬಿಡದೆ ಪಾಲಿಸಿದರೂ ಅರ್ಧ ಹಠ ಇಳಿಯುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಮಲಬದ್ಧತೆ ಇರುವ ಮಗುವಿಗೂ ಹಸಿವಾಗುವುದಿಲ್ಲ ಎಂಬುದನ್ನು ಮರೆಯಬೇಡಿ. ಅದನ್ನು ಮೊದಲು ಸರಿಪಡಿಸಬೇಕು.

ಬಟ್ಟಲಿನ ಮುಂದೆ

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಮಕ್ಕಳ ಊಟದ ಕುರಿತು ಹೇಳಿದ ಒಂದು ಹಂಚಿಕೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಏನು, ಯಾವಾಗ, ಎಲ್ಲಿ ಎಂಬುದನ್ನು ಹಿರಿಯರು ತೀರ್ಮಾನಿಸಬೇಕು. ಎಷ್ಟು ಎಂಬುದನ್ನೂ, ತಿನ್ನುವುದೋ ಬಿಡುವುದೋ ಎಂಬುದನ್ನೂ ಮಗುವಿಗೆ ಬಿಡಬೇಕು. ನಮ್ಮ ಮನೆಗಳಲ್ಲಿ ನಡೆಯುವುದು ಹೆಚ್ಚಾಗಿ ಇದಕ್ಕೆ ತಿರುಗುಮುರುಗು: ಏನು ಬೇಕು ಎಂದು ಮಗುವನ್ನು ಕೇಳಿ ದೋಸೆಯ ಬದಲು ಮ್ಯಾಗಿ ಮಾಡಿಕೊಡುತ್ತೇವೆ, ಆಮೇಲೆ ಅದನ್ನು ಪೂರ್ತಿ ಮುಗಿಸೆಂದು ಬೆನ್ನು ಹತ್ತುತ್ತೇವೆ.

ಇದನ್ನು ಜಾರಿಗೆ ತರುವುದು ಹೀಗೆ. ಮನೆಯವರು ಉಣ್ಣುವ ಜಾಗದಲ್ಲೇ, ನೆಲದ ಮೇಲಾಗಲಿ ಮೇಜಿನ ಮೇಲಾಗಲಿ, ಮಗುವನ್ನೂ ಕೂರಿಸಿ. ಮಾಡಿದ ಅಡುಗೆಯನ್ನೇ ಬಡಿಸಿ, ಆದರೆ ಆ ಅಡುಗೆಯಲ್ಲಿ ಮಗುವಿಗೆ ಪರಿಚಿತವಾದ ಒಂದಾದರೂ ವಸ್ತು ಇರಲಿ: ಕುಚ್ಚಲಕ್ಕಿ ಗಂಜಿಗೆ ತುಪ್ಪ, ಮೊಸರನ್ನ, ನೀರುದೋಸೆ, ಏನಾದರೂ ಸರಿ. ಪ್ರತಿ ಪದಾರ್ಥವನ್ನೂ ವಯಸ್ಸಿಗೆ ಒಂದು ದೊಡ್ಡ ಚಮಚದಂತೆ, ಅಂದರೆ ಮೂರು ವರ್ಷದ ಮಗುವಿಗೆ ಮೂರು ಚಮಚ ಬಡಿಸಿ, ಕೇಳಿದರೆ ಮತ್ತೆ ಹಾಕಿ. ಅರ್ಧ ಗಂಟೆಯಲ್ಲಿ ಬಟ್ಟಲನ್ನು ಎತ್ತಿಬಿಡಿ. ಎತ್ತುವಾಗ ಮುಖ ಗಂಟಿಕ್ಕಬೇಡಿ, ಹತ್ತು ನಿಮಿಷದ ಮೇಲೆ ಬಿಸ್ಕತ್ತಿನ ಡಬ್ಬಿಯನ್ನೂ ತೆರೆಯಬೇಡಿ. ಕಷ್ಟವಿರುವುದು ಆ ಎರಡನೆಯ ಮಾತಿನಲ್ಲಿಯೇ. ಇಲ್ಲಿ ಅಜ್ಜಿಯನ್ನು ಜೊತೆಗೆ ಸೇರಿಸಿಕೊಳ್ಳದೆ ಏನೂ ನಡೆಯದು, ಏಕೆಂದರೆ ಮಗು ಹಸಿದು ಮಲಗುವುದನ್ನು ನೋಡುವ ಶಕ್ತಿ ಯಾವ ಅಜ್ಜಿಗೂ ಇರುವುದಿಲ್ಲ. ಬಿಸ್ಕತ್ತು ಕೊಡಬೇಡಿ ಎಂದು ನಿಷೇಧ ಹಾಕುವ ಬದಲು, ಸಂಜೆ ನಾಲ್ಕರ ತಿಂಡಿಯ ಹೊಣೆಯನ್ನು ಪೂರ್ತಿಯಾಗಿ ಅವರಿಗೇ ಒಪ್ಪಿಸಿ: ರಾಗಿ ಮಣ್ಣಿಯೋ, ಎಳ್ಳುಂಡೆಯೋ, ಬೇಯಿಸಿದ ಗೆಣಸೋ. ಕೊಡುವ ಸಂತೋಷ ಅವರಿಗೆ ಉಳಿಯುತ್ತದೆ, ಹೊತ್ತಿನ ಕಟ್ಟುಪಾಡೂ ಉಳಿಯುತ್ತದೆ.

2ರಿಂದ 6 ವರ್ಷದ ನಡುವೆ ಮಕ್ಕಳಿಗೆ ಹೊಸ ರುಚಿಯ ಬಗ್ಗೆ ಸಹಜವಾಗಿಯೇ ಒಂದು ಭಯವಿರುತ್ತದೆ. ಒಂದು ಪದಾರ್ಥ ಒಗ್ಗಲು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಅದು ಕಣ್ಣಿಗೆ, ಮೂಗಿಗೆ, ಬೆರಳಿಗೆ ಸಿಗಬೇಕಾಗುತ್ತದೆ. ಎರಡು ಸಲ ಉಗಿದ ಕೂಡಲೇ 'ನಮ್ಮ ಮಗುವಿಗೆ ಸೊಪ್ಪು ಸೇರುವುದಿಲ್ಲ' ಎಂದು ತೀರ್ಪು ಕೊಟ್ಟರೆ ಮೂರನೆಯ ಸಲ ಬರುವುದೇ ಇಲ್ಲ. ನನ್ನ ಮಗ ನಾಲ್ಕು ವರ್ಷದವನಿದ್ದಾಗ ಕೆಂಪು ಹರಿವೆಯನ್ನು ಬಾಯಿಗೆ ಸೋಕಿಸುತ್ತಿರಲಿಲ್ಲ. ಅದರ ರಸ ಅನ್ನಕ್ಕೆ ಹರಿದು ಬಿಳಿ ಅಗುಳು ಗುಲಾಬಿಯಾಗುವುದನ್ನು ಮಾತ್ರ ಕಣ್ಣರಳಿಸಿ ನೋಡುತ್ತಿದ್ದ; ಬೆರಳನ್ನು ಅದ್ದಿ ಬಟ್ಟಲಿನ ಅಂಚಿನಲ್ಲಿ ಗೆರೆ ಎಳೆಯುತ್ತಿದ್ದ. ಊಟದಲ್ಲಿ ಆಟವೇ ಎಂದು ಗದರಲು ಬಾಯಿ ತೆರೆದವಳು ಸುಮ್ಮನಾದೆ. ಕೆಲವು ವಾರ ಗೆರೆ ಎಳೆದ ಮೇಲೆ ಒಂದು ದಿನ ಆ ಬೆರಳನ್ನು ಚೀಪಿದ. ಹಿತ್ತಲಲ್ಲಿ ನಾಲ್ಕು ಬುಡ ಬಸಳೆಯಿದ್ದರೆ ಮಗುವಿನ ಕೈಯಿಂದಲೇ ಕೊಯ್ಯಿಸಿ. ಮಳೆಗಾಲದ ಆಟಿ ತಿಂಗಳಲ್ಲಿ ಪತ್ರೊಡೆಗೆ ಎಲೆಯ ಮೇಲೆ ಹಿಟ್ಟು ಸವರಲು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈ ಪಳಗಿದ ಪದಾರ್ಥಕ್ಕೆ ಬಾಯಿಯೂ ಬೇಗ ಪಳಗುತ್ತದೆ.

ಮೊಬೈಲ್ ತೋರಿಸಿ ತುತ್ತು ತುರುಕುವ ಅಭ್ಯಾಸವನ್ನು ಬಿಡಿಸಲೇಬೇಕು. ಚಿತ್ರ ನೋಡುತ್ತಾ ಉಣ್ಣುವ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ, ಖಾಲಿಯಿದ್ದದ್ದೂ ಗೊತ್ತಾಗುವುದಿಲ್ಲ. ದಿನಕ್ಕೆ ಒಂದು ಹೊತ್ತಿನಿಂದ ಆರಂಭಿಸಿ, ಮನೆಮಂದಿಯೆಲ್ಲ ಇರುವ ರಾತ್ರಿಯ ಊಟವಾದರೆ ಒಳ್ಳೆಯದು, ಯಾರ ಕೈಯಲ್ಲೂ ಮೊಬೈಲ್ ಇಲ್ಲದಂತೆ ನೋಡಿಕೊಳ್ಳಿ. ಗಲ್ಫಿನಲ್ಲಿರುವ ತಂದೆಯ ವಿಡಿಯೋ ಕಾಲ್ ಊಟದ ಹೊತ್ತಿಗೇ ಬರುವುದು ನಮ್ಮ ಕರಾವಳಿಯ ಎಷ್ಟೋ ಮನೆಗಳ ರೂಢಿ. ಆ ಮಾತುಕತೆಯನ್ನು ಅರ್ಧ ಗಂಟೆ ಮುಂದೆ ಹಾಕಿದರೆ ತಂದೆಗೂ ಮಗುವಿನ ಪೂರ್ತಿ ಗಮನ ಸಿಗುತ್ತದೆ.

ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂರುವ ಮಕ್ಕಳ ವಿಷಯದಲ್ಲಿ ಎರಡು ಸಾಧ್ಯತೆಗಳಿವೆ. ಬೇಡವೆಂದು ಹೇಳಿದರೆ ಕೇಳುವವರಿಲ್ಲದಾಗ ಕೆಲವರು ಹಾಗೆ ಮಾಡುತ್ತಾರೆ. ಒತ್ತಾಯ ನಿಂತರೆ ಅದೂ ನಿಲ್ಲುತ್ತದೆ. ಇನ್ನು ಕೆಲವರಿಗೆ ನಿಜವಾಗಿಯೂ ಜಗಿಯಲು ಬರುವುದಿಲ್ಲ, ಏಕೆಂದರೆ ಎರಡು ವರ್ಷದವರೆಗೂ ಎಲ್ಲವನ್ನೂ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಕೊಟ್ಟಿರುತ್ತೇವೆ. ಅಂಥವರಿಗೆ ಮಿಕ್ಸಿಯನ್ನು ಬಿಟ್ಟು ಕೈಯಲ್ಲಿ ಕಿವುಚಿದ ಅನ್ನ, ಆಮೇಲೆ ಮೆತ್ತಗಿನ ಪುಂಡಿಯ, ಅಂದರೆ ಅಕ್ಕಿ ಕಡುಬಿನ ತುಂಡು, ಆಮೇಲೆ ಬೆಂದ ತರಕಾರಿಯ ಹೋಳು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಇಡೀ ನೆಲಗಡಲೆ, ಇಡೀ ದ್ರಾಕ್ಷಿಯಂಥ ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತುಗಳನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ.

ರಕ್ತ ಕಡಿಮೆಯಾದಾಗ

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1ರಷ್ಟು ಮಂದಿಗೆ ರಕ್ತಹೀನತೆಯಿದೆ. ಇದು ಮುಂದೆ ತರಗತಿಯಲ್ಲಿ ಗಮನ ನಿಲ್ಲದಿರುವುದು, ಬೇಗ ದಣಿಯುವುದು, ಸಿಡುಕುವುದು ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಭೂತಾಯಿ, ಬಂಗುಡೆಯಂಥ ಮೀನು, ಮೊಟ್ಟೆ ತಿನ್ನುವ ಮನೆಗಳಲ್ಲಿ ಮುಳ್ಳು ಬಿಡಿಸಿದ ಮೀನನ್ನು ಎರಡು ತುತ್ತಾದರೂ ಮಗುವಿನ ಅನ್ನಕ್ಕೆ ಬೆರೆಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಲ್ಲುವುದರಿಂದ ತಾಜಾ ಮೀನು ಅಪರೂಪವಾಗುತ್ತದೆ. ಆ ತಿಂಗಳುಗಳಲ್ಲಿ ಉಪ್ಪು ತುಂಬಿದ ಒಣಮೀನನ್ನು ಮಕ್ಕಳಿಗೆ ಹೆಚ್ಚು ಕೊಡುವ ಬದಲು ಮೊಟ್ಟೆ, ಹುರುಳಿ, ಮೊಳಕೆ ಬರಿಸಿದ ಹೆಸರುಕಾಳಿನ ಕಡೆಗೆ ತಿರುಗಬೇಕು. ಸಸ್ಯಾಹಾರಿಗಳ ಮನೆಯಲ್ಲಿ ರಾಗಿ, ಎಳ್ಳು, ನುಗ್ಗೆಸೊಪ್ಪು, ಕಾಳುಗಳಿವೆ. ಕಾಳು ಮತ್ತು ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲವಾದ್ದರಿಂದ ಜೊತೆಗೆ ಲಿಂಬೆ, ನೆಲ್ಲಿಕಾಯಿ ಅಥವಾ ಪೇರಳೆ ಇರಲಿ, ಊಟದ ಹೊತ್ತಿಗೆ ಚಹಾ ಬೇಡ.

5ರಿಂದ 9 ವರ್ಷದ ಮಕ್ಕಳಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಮಾತ್ರೆ ಕಬ್ಬಿಣಾಂಶದ್ದು. ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಜಂತುಹುಳುವಿಗೆ ಆಲ್ಬೆಂಡಜೋಲ್ ಕೊಡುತ್ತಾರೆ. ಎರಡನ್ನೂ ತಪ್ಪಿಸಬೇಡಿ. ಕಬ್ಬಿಣಾಂಶದ ಔಷಧ ಕುಡಿದಾಗ ಮಲ ಕಪ್ಪಾಗುವುದು ಸಹಜ. ಅದನ್ನು ನೋಡಿ ಹೆದರಿ ಅರ್ಧಕ್ಕೇ ನಿಲ್ಲಿಸಿದ ಮನೆಗಳನ್ನು ಕಂಡಿರುವುದರಿಂದ ಈ ಮಾತನ್ನು ಸೇರಿಸುತ್ತಿದ್ದೇನೆ.

ಒಂದೆಲಗದ, ಅಂದರೆ ನಮ್ಮ ತಿಮರೆಯ ತಂಬುಳಿಯನ್ನು ನೆನಪಿನ ಶಕ್ತಿಗೆಂದು ಮಕ್ಕಳಿಗೆ ಕೊಡುವುದು ಇಲ್ಲಿನ ರೂಢಿ. ಒಳ್ಳೆಯ ಸೊಪ್ಪು, ಧಾರಾಳವಾಗಿ ಕೊಡಿ. ಆದರೆ ಅಕ್ಷರ ಹಿಡಿಯದ ಮಗುವಿನ ತೊಂದರೆಗೆ ಅದನ್ನಾಗಲಿ, ಅಂಗಡಿಯ ಟಾನಿಕ್ಕನ್ನಾಗಲಿ ಮದ್ದೆಂದು ನಂಬಿ ತಿಂಗಳುಗಳನ್ನು ಕಳೆಯಬೇಡಿ.

ಶಾಲೆಗೆ ಹೊರಡುವ ಮುನ್ನ

ಏಳೂಕಾಲಕ್ಕೆ ವ್ಯಾನ್ ಬರುವ ಮನೆಯಲ್ಲಿ ಮಗು ನಿದ್ದೆಗಣ್ಣಿನಲ್ಲಿ ಅರ್ಧ ಲೋಟ ಹಾಲು ಕುಡಿದು ಹೊರಟರೆ ಹತ್ತು ಗಂಟೆಯ ಹೊತ್ತಿಗೆ ಅದಕ್ಕೆ ಪಾಠ ತಲೆಗೆ ಹೋಗುವುದಿಲ್ಲ. ಈ ಸಮಸ್ಯೆಯನ್ನು ಬೆಳಿಗ್ಗೆ ಬಗೆಹರಿಸಲು ಬರುವುದಿಲ್ಲ, ಹಿಂದಿನ ರಾತ್ರಿ ಬಗೆಹರಿಸಬೇಕು. 3ರಿಂದ 5 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಆರಕ್ಕೆ ಏಳಬೇಕಾದ ಮಗು ಒಂಬತ್ತಕ್ಕಾದರೂ ಮಲಗಿರಬೇಕು. ಅಂದರೆ ಹಿರಿಯರ ಊಟ ಹತ್ತಕ್ಕಾದರೂ ಮಗುವಿನ ಊಟ ಏಳೂವರೆಗೆ ಮುಗಿಯಬೇಕು. ಬೆಳಿಗ್ಗೆ ಜಗಿಯಲು ಪುರಸೊತ್ತಿಲ್ಲದಿದ್ದರೆ ತೆಳು ಗಂಜಿಗೆ ತುಪ್ಪ, ಬಾಳೆಹಣ್ಣು, ಒಂದು ಎಳ್ಳುಂಡೆ ಸಾಕು.

ಅಕ್ಷರದ ಮುಂದೆ

ಓದಲು ತಡವರಿಸುವ ಮಗುವಿಗೆ ಟ್ಯೂಷನ್ ಹುಡುಕುವ ಮೊದಲು ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಿ ಮೇಲಿಂದ ಮೇಲೆ ಶೀತವಾಗುವ ಮಕ್ಕಳ ಕಿವಿಯೊಳಗೆ ನೀರು ನಿಂತು ವಾರಗಟ್ಟಲೆ ಕಿವಿ ಮಂದವಾಗುವುದುಂಟು. ಆಗ ಮಗು ಕರೆದರೆ ಓಗೊಡುತ್ತದೆ, ಆದರೆ 'ತ'ಕ್ಕೂ 'ದ'ಕ್ಕೂ ಇರುವ ವ್ಯತ್ಯಾಸ ಅದಕ್ಕೆ ಕೇಳಿಸುವುದಿಲ್ಲ. ಉಕ್ತಲೇಖನದಲ್ಲಿ ತಪ್ಪು ತುಂಬಿರುವುದು ಅದರಿಂದಲೂ ಇರಬಹುದು.

ಕನ್ನಡದ ಓದು ಇಂಗ್ಲಿಷಿನ ಓದಿನಂತಲ್ಲ. ವರ್ಣಮಾಲೆಯ 49 ಅಕ್ಷರಗಳನ್ನು ಕಲಿತರೆ ಮುಗಿಯಿತೆಂದು ಹೇಳುವಂತಿಲ್ಲ. ಕಾಗುಣಿತ ಸೇರಿದರೆ ಗುರುತಿಸಬೇಕಾದ ರೂಪಗಳು 400ಕ್ಕೂ ಹೆಚ್ಚಾಗುತ್ತವೆ, ಒತ್ತಕ್ಷರಗಳು ಬೇರೆ. ಒಂದನೇ ತರಗತಿಯಲ್ಲೇ ಎಲ್ಲವೂ ಬಂದುಬಿಡಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಒತ್ತಕ್ಷರಗಳಲ್ಲಿ ಕೈ ಕುದುರಲು ಮೂರನೇ, ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ. ಇದರ ಮೇಲೆ ನಮ್ಮ ಜಿಲ್ಲೆಗಳ ಮಗು ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿ, ಇಂಗ್ಲಿಷ್ ಬರೆಯಬೇಕು. ತುಳು ಮಾತಿನಲ್ಲಿ ಮಹಾಪ್ರಾಣವನ್ನು ಒತ್ತಿ ಹೇಳುವುದು ಅಪರೂಪವಾದ್ದರಿಂದ 'ಧನ', 'ದನ' ಎರಡೂ ಮಗುವಿಗೆ ಒಂದೇ ಆಗಿ ಕೇಳಿಸುತ್ತವೆ. ಇದು ದಡ್ಡತನವಲ್ಲ. ಮಗುವಿಗಾಗಿ ಮನೆಮಾತನ್ನು ನಿಲ್ಲಿಸಿ ಹರಕುಮುರುಕು ಇಂಗ್ಲಿಷ್ ಆಡಬೇಕೆಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅಜ್ಜಿಯ ತುಳುವಿನಲ್ಲಿ ಕಥೆ ಕೇಳಿ ಬೆಳೆದ ಮಗುವಿಗೆ ಪದ, ವಾಕ್ಯ, ಕಥೆಯ ನಡೆ ಎಲ್ಲವೂ ಮೊದಲೇ ಗೊತ್ತಿರುತ್ತವೆ. ಅದಕ್ಕೆ ಹೊಸದು ಲಿಪಿ ಮಾತ್ರ.

ಮನೆಯಲ್ಲಿ ಮಾಡಬೇಕಾದದ್ದು ದಿನಕ್ಕೆ ಹದಿನೈದು ನಿಮಿಷದ ಕೆಲಸ, ಅದಕ್ಕಿಂತ ಹೆಚ್ಚು ಬೇಡ. ಮೊದಲು ಕಿವಿಯ ಆಟ: 'ಕಮಲ'ದಲ್ಲಿ ಎಷ್ಟು ಚಪ್ಪಾಳೆ, 'ಕ' ತೆಗೆದರೆ ಏನುಳಿಯುತ್ತದೆ? ಹೀಗೆ ಬಾಯಲ್ಲೇ ಪದವನ್ನು ಬಿಡಿಸಿ ಕೂಡಿಸಲು ಬಂದ ಮೇಲೆ ಓದು ಹಗುರವಾಗುತ್ತದೆ. ಆಮೇಲೆ ಗೊಂದಲದ ಅಕ್ಷರಗಳು. ಪ–ಷ, ಮ–ವ, ದ–ಧ–ಥ, ರ–ಠ, ಬ–ಭ. ಇವನ್ನು ಒಟ್ಟಿಗೆ ಕಲಿಸಿದಷ್ಟೂ ಕಲಸಿಹೋಗುತ್ತವೆ. ಒಂದನ್ನು ಗಟ್ಟಿ ಮಾಡಿಸಿ, ಎರಡು ವಾರ ಬಿಟ್ಟು ಅದರ ಜೊತೆಗಾರನನ್ನು ತನ್ನಿ. ನೆಲದ ಮೇಲೆ ಹರಡಿದ ಅಕ್ಕಿಯಲ್ಲಿ ಬೆರಳಿಂದ ದೊಡ್ಡದಾಗಿ ಬರೆಯಿಸಿ. ತಪ್ಪಿದ ಪದವನ್ನು ಐವತ್ತು ಸಲ ಕಾಪಿ ಬರೆಯಿಸುವುದರಿಂದ ಕೈ ನೋಯುತ್ತದೆ, ಕಣ್ಣು ಆ ಪದವನ್ನು ನೋಡುವುದನ್ನೇ ಬಿಡುತ್ತದೆ. ಮೂರು ಸಲ ನೋಡಿ, ಮುಚ್ಚಿ, ನೆನಪಿನಿಂದ ಬರೆದು, ತೆರೆದು ತಾನೇ ತಿದ್ದಿಕೊಂಡರೆ ಸಾಕು.

ಓದಿಸಲು ಪುಸ್ತಕವೇ ಆಗಬೇಕೆಂದಿಲ್ಲ. ಮಂಗಳೂರಿನಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಮಗುವನ್ನು ಕಿಟಕಿಯ ಬಳಿ ಕೂರಿಸಿದರೆ ದಾರಿಯುದ್ದಕ್ಕೂ ಪಾಠವಿದೆ: 'ಕಾಪು' ಎರಡೇ ಅಕ್ಷರ, 'ಕಟಪಾಡಿ' ನಾಲ್ಕು, 'ಸುರತ್ಕಲ್' ಬಂದಾಗ ಒತ್ತು, 'ಪಡುಬಿದ್ರಿ'ಯಲ್ಲಿ ಇನ್ನೊಂದು ಒತ್ತು. ಮಂಗಳೂರಿನಿಂದ ದಕ್ಷಿಣಕ್ಕೆ ಹೋದರೆ 'ಉಳ್ಳಾಲ', ಉಡುಪಿ ದಾಟಿದರೆ 'ಬ್ರಹ್ಮಾವರ'. ಹೆಸರು ಮಗುವಿಗೆ ಮೊದಲೇ ಗೊತ್ತಿರುವುದರಿಂದ ಊಹೆಯೂ ಸರಿಯಾಗುತ್ತದೆ, ಸರಿಯಾದ ಊಹೆಯಿಂದ ಧೈರ್ಯ ಬರುತ್ತದೆ. ಪುಸ್ತಕವನ್ನು ರಾತ್ರಿ ನೀವು ಓದಿ ಹೇಳಿ, ಸಾಲಿನ ಕೆಳಗೆ ಬೆರಳು ಓಡಿಸುತ್ತಾ. ನಡುನಡುವೆ ಒಂದು ಪದವನ್ನು ಮಗುವಿಗೆ ಬಿಡಿ. ತಡವರಿಸಿದರೆ ಐದು ಎಣಿಸುವಷ್ಟು ಕಾದು, ನೀವೇ ಹೇಳಿ ಮುಂದೆ ಹೋಗಿ.

ಲೆಕ್ಕಕ್ಕೆ ಚೆನ್ನೆಮಣೆಗಿಂತ (ಅಳಗುಳಿಮಣೆಗಿಂತ) ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. 14 ಗುಳಿ, ಗುಳಿಗೆ 4 ಕಾಯಿ, ಒಟ್ಟು 56. ಮುಂದಿನ ಗುಳಿಯಲ್ಲಿ ಎಷ್ಟಾಗುತ್ತದೆ, ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಮಗು ಕಾಯಿ ಬಿಡುವ ಮೊದಲೇ ಮನಸ್ಸಿನಲ್ಲಿ ಕೂಡಿಸತೊಡಗುತ್ತದೆ; ಮಗ್ಗಿಯನ್ನು ಬಾಯಿಪಾಠ ಮಾಡಿದ ಮಕ್ಕಳಿಗೂ ಬಾರದ ಒಂದು ಎಣಿಕೆಯ ಹಿಡಿತ ಇದರಿಂದ ಬರುತ್ತದೆ. ಕಾಯಿಗೆ ಮಂಜೊಟ್ಟಿ ಅಥವಾ ಹುಣಸೆಬೀಜ ಆಗಬಹುದು. ಗುಲಗಂಜಿ ವಿಷಕಾರಿಯಾದ್ದರಿಂದ ಬೇಡವೇ ಬೇಡ. ಚಿಕ್ಕ ತಮ್ಮ ತಂಗಿಯರು ಬೀಜವನ್ನು ಬಾಯಿಗೆ ಹಾಕದಂತೆಯೂ ನೋಡಿಕೊಳ್ಳಿ.

ಹೋಮ್‌ವರ್ಕಿನ ಜಗಳಕ್ಕೆ ನನ್ನ ಸಲಹೆ ಚಿಕ್ಕದು. ಶಾಲೆಯಿಂದ ಬಂದ ಮಗು ಮೊದಲು ತಿನ್ನಲಿ, ಅಂಗಳದಲ್ಲಿ ಒಂದು ಗಂಟೆ ಆಡಲಿ, ಆಮೇಲೆ ಪ್ರತಿದಿನ ಒಂದೇ ಜಾಗದಲ್ಲಿ ಕೂರಲಿ. ಆರೇಳು ವರ್ಷದವರಿಗೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಲು ಬಿಡಬೇಕು. ನಲವತ್ತು ನಿಮಿಷವಾದರೂ ಕೆಲಸ ಮುಗಿಯದಿದ್ದರೆ, 'ಇಷ್ಟು ಹೊತ್ತು ಕೂತಿದ್ದಾಳೆ, ಇಷ್ಟೇ ಆಗಿದೆ' ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿ ಕಳಿಸಿ. ಮಗುವಿನ ಕೆಲಸವನ್ನು ನೀವು ಮಾಡಿಕೊಟ್ಟರೆ ಅದಕ್ಕೆ ಎಲ್ಲಿ ಕಷ್ಟವಾಗುತ್ತಿದೆ ಎಂಬುದು ಶಿಕ್ಷಕರಿಗೆ ತಿಳಿಯುವುದೇ ಇಲ್ಲ.

ತಜ್ಞರ ಬಳಿಗೆ ಯಾವಾಗ

ತೂಕ ಇಳಿಯುತ್ತಿದ್ದರೆ ಅಥವಾ ತಿಂಗಳುಗಟ್ಟಲೆ ಏರದಿದ್ದರೆ, ನುಂಗುವಾಗ ಕೆಮ್ಮು, ಉಸಿರುಕಟ್ಟುವಿಕೆ ಇದ್ದರೆ, ತಿನ್ನುವ ಪದಾರ್ಥಗಳ ಸಂಖ್ಯೆ ಹೆಚ್ಚುವ ಬದಲು ಒಂದೊಂದಾಗಿ ಕಡಿಮೆಯಾಗುತ್ತಿದ್ದರೆ, ಊಟದ ತೊಂದರೆಯ ಜೊತೆಗೆ ಮಾತೂ ತಡವಾಗಿದ್ದರೆ, ಮೇಲಿನ ಯಾವ ಉಪಾಯವನ್ನೂ ಪ್ರಯೋಗಿಸುತ್ತಾ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಿ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಸರಕಾರದ್ದೇ ಇವೆ.

ಬಾಯಲ್ಲಿ ಕಥೆಯನ್ನು ಚೆನ್ನಾಗಿ ಹೇಳುವ, ಕೇಳಿದ್ದನ್ನು ನೆನಪಿಟ್ಟುಕೊಳ್ಳುವ ಮಗು ಎರಡನೇ ತರಗತಿ ಮುಗಿದರೂ ಸರಳ ಪದಗಳನ್ನು ಅಕ್ಷರ ಅಕ್ಷರವಾಗಿ ಕಷ್ಟಪಟ್ಟು ಓದುತ್ತಿದ್ದರೆ, ನಿನ್ನೆ ಬಂದ ಅಕ್ಷರ ಇಂದು ಮಾಯವಾಗುತ್ತಿದ್ದರೆ, ಕಲಿಕಾ ನ್ಯೂನತೆಯಿದೆಯೇ ಎಂದು ಪರೀಕ್ಷಿಸಬೇಕು. ಓದು, ಬರಹದಲ್ಲಿ ತೊಡಕಾಗುವ ಡಿಸ್‌ಲೆಕ್ಸಿಯಾ ಇದರಲ್ಲಿ ಒಂದು. ಅದಕ್ಕೂ ಬುದ್ಧಿಮಟ್ಟಕ್ಕೂ ಸಂಬಂಧವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿರುವುದರಿಂದ, ಪ್ರಮಾಣಪತ್ರ ಪಡೆದ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯಗಳು ಸಿಗುತ್ತವೆ. ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಎಂಟು ವರ್ಷ ತುಂಬಬೇಕು, ಸಹಾಯ ಆರಂಭಿಸಲು ಅಷ್ಟು ಕಾಯಬೇಕಾಗಿಲ್ಲ.

ಹೋಗುವಾಗ ಮೂರು ದಿನದ ಊಟದ ಹಾಳೆ, ತೂಕದ ಪಟ್ಟಿ, ಮಗುವೇ ಬರೆದ ಎರಡು ನೋಟುಪುಸ್ತಕಗಳು ಜೊತೆಗಿರಲಿ. ತಿದ್ದಿ ಚಂದ ಮಾಡಿದ ಪುಸ್ತಕ ಬೇಡ, ತಪ್ಪುಗಳಿರುವ ಪುಸ್ತಕವೇ ಬೇಕು. ಎಲ್ಲಿಗೆ, ಏಕೆ ಹೋಗುತ್ತಿದ್ದೇವೆ ಎಂದು ಮಗುವಿಗೆ ಹಿಂದಿನ ದಿನವೇ ಹೇಳಿ: ಅಲ್ಲಿ ಒಬ್ಬರು ನಿನ್ನಿಂದ ಓದಿಸುತ್ತಾರೆ, ಚಿತ್ರ ಬರೆಯಿಸುತ್ತಾರೆ, ಕಟ್ಟಿಗೆಯ ತುಂಡು ಜೋಡಿಸಲು ಕೊಡುತ್ತಾರೆ, ಅವತ್ತು ಇಂಜೆಕ್ಷನ್ ಇಲ್ಲ, ಬಾರದಿದ್ದರೆ ಬರುವುದಿಲ್ಲವೆಂದು ಹೇಳಬಹುದು.